ಅಂಚೆಚೀಟಿಗಿಂತ ಚಿಕ್ಕದು

ವಾರಕ್ಕೆ ಐದು ದಿನ ಈ ಮೆಟ್ಟಿಲು ಸರ್ಕಾರದ್ದು,
ಭಾನುವಾರ ಮಾತ್ರ ನನ್ನದು.
ಒನೊಮಿಚಿಯ ಗುಡ್ಡಕ್ಕೆ ಗಾಡಿ ಹತ್ತುವುದಿಲ್ಲ,
ಕಾಗದ ಹತ್ತಬೇಕಾದರೆ ನಾನು ಹತ್ತಬೇಕು.
ನನ್ನ ಪಾಲಿಗೆ ಐನೂರ ಹನ್ನೆರಡು ಮೆಟ್ಟಿಲು,
ತಿರುವಿನಲ್ಲಿ ಒಡೆದದ್ದನ್ನೂ ಸೇರಿಸಿ.

ಮೊದಲು ಭಾವ ಕೊಟ್ಟ ದೊಡ್ಡ ಕ್ಯಾಮೆರಾ ಇತ್ತು,
ಲೆನ್ಸು ಅನ್ನ ಬೇಯಿಸುವ ಪಾತ್ರೆಯಷ್ಟು.
ಚೀಲ ಇಳಿಸಿದ ಹೆಗಲಿಗೆ ಮತ್ತೊಂದು ಚೀಲ.
ಒತ್ತಿದರೆ ಒಳಗಿನ ಕನ್ನಡಿ ಧಡ್ ಎಂದು ಎದ್ದು ಬೀಳುತ್ತಿತ್ತು,
ಜಗಳದ ಮನೆಯ ಬಾಗಿಲಿನ ಹಾಗೆ.
ಬೆಕ್ಕು ಓಡುತ್ತಿತ್ತು.
ಮೀನು ಸೀಳುವ ಮಿಜೊಬುಚಿ ಚಾಕು ಕೆಳಗಿಟ್ಟು
ಟೋಪಿ ಸರಿಮಾಡಿಕೊಂಡು ನಿಲ್ಲುತ್ತಿದ್ದ,
ಪಾಸ್‌ಪೋರ್ಟಿಗೆ ನಿಂತವನ ಹಾಗೆ.
ಎರಡು ಚಳಿಗಾಲ ಕಳೆದ ಮೇಲೆ ಅದು ಬೀರು ಸೇರಿತು,
ಅಕ್ಕನ ಮದುವೆಯ ಕಿಮೊನೊ ಪಕ್ಕ, ನುಸಿಗುಳಿಗೆಯ ವಾಸನೆಯಲ್ಲಿ.

ಈಗಿನದಕ್ಕೆ ಕನ್ನಡಿಯೇ ಇಲ್ಲ.
ಕೈಗವಸಿನ ಜೊತೆ ಜೇಬಿನಲ್ಲಿ ಬಿದ್ದಿರುತ್ತದೆ,
ತನ್ನ ಮುಖ ತಾನೇ ನೋಡಿಕೊಳ್ಳುವ ಚಟವಿಲ್ಲದ ಪ್ರಾಣಿ.
ಕೊಳ್ಳುವಾಗ ಅಂಗಡಿಯ ಹುಡುಗ ಕೊಂಚ ನಾಚಿಕೊಂಡೇ ಹೇಳಿದ,
‘ಸೆನ್ಸರ್ ಮಾತ್ರ ಸಣ್ಣದು, ನೋಡಿ.’
ಎಷ್ಟು ಸಣ್ಣದು ಅಂದೆ. ಲೆನ್ಸು ಬಿಚ್ಚಿ ತೋರಿಸಿದ.
ಇಪ್ಪತ್ತಾರು ವರ್ಷದ ಕೆಲಸ, ನನ್ನ ಕಣ್ಣಿಗೆ ಒಂದೇ ಅಳತೆಗೋಲು:
ಅಂಚೆಚೀಟಿಗಿಂತ ಚಿಕ್ಕದು.
ನಗು ಬಂತು.
ಆ ಚೀಟಿಯ ಬಲದಲ್ಲೇ ಅಲ್ಲವೇ
ಬ್ರೆಜಿಲಿನ ತಮ್ಮ ಈ ಗುಡ್ಡ ಹತ್ತಿ
ಅಕ್ಕನ ಬಾಗಿಲಿಗೆ ಬರುವುದು?

ಕತ್ತಲಲ್ಲಿ ಇದು ಸೋಲುತ್ತದೆ, ನಾನೇಕೆ ಮುಚ್ಚಿಡಲಿ.
ಕೊನೆಯ ದೋಣಿ ದಾಟುವ ಹೊತ್ತಿಗೆ ಆಕಾಶದ ತುಂಬ
ಎಳ್ಳು ಚೆಲ್ಲಿದ ಹಾಗೆ ಚುಕ್ಕಿ.
ಎಳ್ಳು ನನಗೆ ಇಷ್ಟವೇ.
ವಾರವಿಡೀ ಹೊತ್ತು ಹೊತ್ತು ನಡುಗುವ ಕೈಯನ್ನು
ಒಳಗೆ ಯಾವುದೋ ತೊಟ್ಟಿಲು ತೂಗಿ ಸಮ ಮಾಡುತ್ತದೆ.
ಆಚೆ ದಡದ ಹಡಗುಕಟ್ಟೆ, ಕ್ರೇನು,
ಅದರ ತುದಿಯಲ್ಲಿ ಹದ್ದು ಕೊಕ್ಕು ಉಜ್ಜುವುದು
ಗೇಣುದ್ದದ ಲೆನ್ಸಿಗೆ ಸಿಗುತ್ತದೆ.

ಮುಖವೊಂದೇ ಎದ್ದು ಕಾಣಬೇಕು,
ಹಿಂದಿನದೆಲ್ಲ ಬೆಣ್ಣೆಯಾಗಿ ಕರಗಬೇಕು ಎನ್ನುತ್ತಾನೆ ಭಾವ.
ಕರಗಲಿ, ಅವನದು.
ನನಗೆ ಹಿನ್ನೆಲೆಯೇ ವಿಳಾಸ.
ಯಾವ ಓಣಿ, ಎಷ್ಟನೇ ಬಾಗಿಲು,
ಯಾರ ಸೂರಿನಡಿ ಮೂಲಂಗಿ ಒಣಗುತ್ತಿದೆ,
ಇದಿಲ್ಲದ ಮುಖವನ್ನು ಒಯ್ದು ಯಾರಿಗೆ ತಲುಪಿಸಲಿ?

ಹೋದ ತಿಂಗಳು ಕೆಳಕೇರಿಯ ಬಿಸಿನೀರ ಸ್ನಾನದ ಮನೆ ಮುಚ್ಚಿತು.
ಕೊನೆಯ ಸಂಜೆ ಪತ್ರಿಕೆಯವರು ಬಂದು ಮೂರು ಕಾಲು ಊರಿದರು.
ಗಲ್ಲಾದ ಹಾತ್ಸುನೊ ತುಟಿಗೆ ಬಣ್ಣ ಹಚ್ಚಿ
ಗೊಂಬೆಯಂತೆ ಕೂತಳು, ಮೂರು ಮಿಂಚು ಹೊಡೆದವು.
ಅವರು ಹೋದರು. ಅವಳು ಬಣ್ಣ ಒರೆಸಿ,
ಚಪ್ಪಲಿ ಕಳಚಿ, ಚಿಲ್ಲರೆ ಎಣಿಸುತ್ತ
ದೊಡ್ಡದಾಗಿ ಆಕಳಿಸಿದಳು.
ನನ್ನ ಜೇಬು ಸದ್ದಿಲ್ಲದೆ ಒಮ್ಮೆ ಕಣ್ಣು ಬಿಟ್ಟಿತು.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದೆ.
ನಾಣ್ಯದ ತೂತು ಕಾಣುತ್ತಿದೆ.
ಅರೆತೆರೆದ ಬಾಗಿಲಾಚೆ ಜಲಸಂಧಿ, ಕ್ರೇನು,
ಒದ್ದೆ ತಲೆಯಲ್ಲಿ ಓಡುವ ಹುಡುಗನ ಬಕೆಟ್ಟು,
ನಡುವೆ ಅವಳ ಬಾಯಿ, ಒಂದು ಬಂಗಾರದ ಹಲ್ಲು.
ಯಾವುದೂ ಯಾರಿಗೂ ದಾರಿ ಬಿಟ್ಟು ಮಸುಕಾಗಿಲ್ಲ.

ಕಾರ್ಡಿನ ಅಳತೆಗೆ ಅಚ್ಚು ಹಾಕಿಸಿ, ಚೀಟಿ ಅಂಟಿಸಿ,
ಭಾನುವಾರ ನಾನೇ ಡಬ್ಬಿಗೆ ಹಾಕಿದೆ.
ಮಂಗಳವಾರ ನನ್ನ ಚೀಲದಲ್ಲೇ ಬಂತು.
ಮುನ್ನೂರ ನಲವತ್ತನೇ ಮೆಟ್ಟಿಲು, ಎಡಕ್ಕೆ ನೀಲಿ ಬಾಗಿಲು.
ಸಮವಸ್ತ್ರದಲ್ಲಿದ್ದೆ, ಏನೂ ಹೇಳುವಂತಿಲ್ಲ.
ಹಾತ್ಸುನೊ ಕಾರ್ಡು ತಿರುಗಿಸಿದಳು.
ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದು,
‘ಈ ಕೊಕ್ಕರೆ ಚೀಟಿ ಚೆನ್ನಾಗಿದೆ,’ ಅಂದಳು,
‘ಮೊಮ್ಮಗ ಕೂಡಿಸ್ತಾನೆ.’
ಒಳಗೆ ಹೋಗಿ ಬಿಸಿನೀರಿನ ಹಬೆಗೆ ಅದನ್ನು ಹಿಡಿದಳು.