ಬಾಕಿಗೆ ಬಂದ ಪ್ರೆಸ್ಸು

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ
ಮುಂದಿನ ಕೋಣೆ ಪ್ರೆಸ್ಸು, ಹಿಂದಿನದು ಮನೆ.
ಈಗ ಹಿಂದಿನದರಲ್ಲೂ ಒಂದು ಪ್ರೆಸ್ಸು:
ಗಾಜಿನದು, ಒಂದು ಗೇಣು ಎತ್ತರ,
ತಲೆಯ ಮೇಲೆ ಕರೀ ಗುಂಡಿ.
"ಇದ್ರಾಗೆ ಏನ್ ಅಚ್ಚು ಹಾಕ್ತೀರಿ?" ಅಂತಾಳೆ ಹಾಲಮ್ಮ.

ಕೊಟ್ಟವಳು ಚಿ॥ಸೌ॥ ನೀಲಾಂಬಿಕೆ.
ಐನೂರು ಕಾರ್ಡು, ಅರಿಶಿನದ ಬಣ್ಣ, ಕೆಂಪು ಮಸಿ,
ಸುಖಾಗಮನ ಬಯಸುವವರು ಎಂಬ ಸಾಲಿನ ಕೆಳಗೆ
ಹನ್ನೊಂದು ಹೆಸರು. ಸೋದರಮಾವಂದಿರ ಜಗಳಕ್ಕೆ
ಎರಡು ಸಲ ಪ್ರೂಫು ತಿದ್ದಿದ್ದೆ.
ಒಯ್ಯಲು ಅವರಪ್ಪ ಬರುತ್ತಾರೆಂದು ಕಾದರೆ
ಸ್ಕೂಟಿಯಲ್ಲಿ ಅವಳೇ ಬಂದಳು, ಒಬ್ಬಳೇ.
"ಮದುವೆ ನಿಂತಿತಣ್ಣಾ. ನಾನೇ ನಿಲ್ಲಿಸಿದೆ.
ಬಾಕಿ ಎಷ್ಟು?"
ಹನ್ನೆರಡು ನೂರು ಅಂದೆ. ಪರ್ಸಿನಲ್ಲಿ ಐನೂರು ಇತ್ತು.
ಡಿಕ್ಕಿ ತೆಗೆದು ಈ ಡಬ್ಬಿ ಇಟ್ಟಳು ಕಲ್ಲಿನ ಮೇಲೆ:
ಮುಂಚೆಯೇ ಬಂದುಬಿಟ್ಟ ಉಡುಗೊರೆಯಂತೆ,
ಕೊಟ್ಟ ಗೆಳತಿ ವಾಪಸು ಒಲ್ಲೆ ಅಂದಳಂತೆ.
"ಉಳಿದದ್ದಕ್ಕೆ ಇದು. ನೀವೂ ಪ್ರೆಸ್ಸಿನವರಲ್ವಾ"
ಎಂದು ನಕ್ಕಳು. ಯಾಕೆ ಎಂದು ನಾನು ಕೇಳಲಿಲ್ಲ.
ಅಚ್ಚಾದದ್ದನ್ನು ತಿದ್ದಬಾರದು ಅನ್ನುವವನು ನಾನು;
ತಿದ್ದಬಹುದು ಅನ್ನುವ ಮುಖ
ಅವತ್ತೇ ನೋಡಿದ್ದು.

ಡಬ್ಬಿಯೊಳಗಿನ ಚೀಟಿ: ಆರು ಭಾಷೆ, ಆರು ಪಾಯಿಂಟಿನ ಅಕ್ಷರ,
ಕನ್ನಡ ಇಲ್ಲ. ಚಿತ್ರ ನೋಡಿ ಕಲಿತೆ.
ಚೌಕಿಪೇಟೆಯ ಪುಡಿ ಅಂಗಡಿಯಲ್ಲಿ
"ಚಿಕೋರಿ ಬ್ಯಾಡ, ಬನ್ಸಿ ರವೆಯಂಗೆ ಬೀಸು" ಅಂದರೆ
ಖಲಂದರ್ ಸಾಬ್ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದ:
"ಕಾಫಿಯಾಗೆ ಉಪ್ಪಿಟ್ಟು ಮಾಡ್ತೀರೇನು ಸ್ವಾಮಿ?"

ಮೊದಲ ದಿನ,
ಮೂವತ್ತೆಂಟು ವರ್ಷ ಟ್ರೆಡಲ್ ತುಳಿದ ಮೈ,
ಗುಂಡಿಯ ಮೇಲೆ ಅಂಗೈ ಇಟ್ಟು ದಬ್ಬಿದೆ ಒಂದೇ ಏಟಿಗೆ.
ಮೂತಿಯಿಂದ ಚಿಮ್ಮಿ ಬನಿಯನ್ನಿನ ಮೇಲೆ
ದಾವಣಗೆರೆ ಜಿಲ್ಲೆಯ ನಕಾಶೆ.
ಹಾಲಮ್ಮ ನಕ್ಕು ನಕ್ಕು ಒಲೆ ಆರಿಸುವುದ ಮರೆತಳು.

ಆಮೇಲೆ ನೆನಪಾಯಿತು ನನ್ನ ಉಸ್ತಾದರ ಮಾತು:
ಅಚ್ಚು ಹೆಂಗಿರಬೇಕಂದರೆ, ಹುಡುಗಾ,
ಹಾಳೆಯ ಬೆನ್ನು ಸವರಿದರೆ ಅಕ್ಷರ ಬೆರಳಿಗೆ ಹತ್ತಬಾರದು.
ಮುಟ್ಟು. ಕಚ್ಚಬೇಡ.

ಈಗ ಬೆಳಿಗ್ಗೆ ಐದೂವರೆಗೆ,
ಮಂಡಕ್ಕಿ ಭಟ್ಟಿಗಳ ಹೊಗೆ ಈ ಕಡೆ ತಿರುಗುವ ಮುಂಚೆ,
ನಲ್ಲಿ ಬಿಟ್ಟ ದಿನ ಹಿಡಿದಿಟ್ಟ ಭದ್ರಾ ನೀರು.
ಕುದಿದದ್ದು ಒಂದು ಗಳಿಗೆ ಸುಮ್ಮನಾಗಬೇಕು.
ಪುಡಿಯ ಮೇಲೆ ಸುರಿದರೆ
ಉಸಿರು ಬಿಟ್ಟು ಮೇಲೇಳುತ್ತದೆ ನೊರೆ,
ಹಿಂಜಿದ ಹತ್ತಿಯಂತೆ, ಬಣ್ಣ ಮಾತ್ರ ಬೇರೆ.
ಆಮೇಲೆ ನಾಲ್ಕು ನಿಮಿಷ.
ಬೇರೆ ಕೆಲಸಕ್ಕೆ ಸಾಲದು,
ಬರೀ ಕಾಯಲಿಕ್ಕೆ ಹೆಚ್ಚು.

ಇವತ್ತು ಮುಂದಿನ ಕೋಣೆಗೆ ಹೋಗಿ
ಎಂಟು ತಿಂಗಳಿಂದ ದಾರ ಸುತ್ತಿ ಇಟ್ಟಿದ್ದ
ಅವಳ ಕಾರ್ಡಿನ ಅಚ್ಚುಮೊಳೆ ಬಿಚ್ಚಿದೆ.
ಒಂದೊಂದೇ ಮೊಳೆ ಅದರದರ ಮನೆಗೆ:
ನಿ, ದೀರ್ಘ, ಲಾ,
ಸೊನ್ನೆ,
ಬಿ, ಕೆ.
'ನಿ' ನಾಳೆ ಯಾರದೋ ನಿವೇಶನದ ಹರಾಜಿಗೆ,
'ಕೆ' ಕೆರೆ ಬಳಕೆದಾರರ ಸಂಘದ ರಸೀದಿಗೆ.
ಸೊನ್ನೆಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡೇ ನಿಂತೆ;
ಮೊಳೆಯಲ್ಲೂ ಕಾಗದದಲ್ಲೂ
ಒಂದೇ ಥರ ಇರುವುದು ಅದೊಂದೇ.
ಒಳಗಿಂದ ಕೂಗು: "ರೀ, ಆರು ನಿಮಿಷ ಆತು!"

ಸ್ವಲ್ಪ ಕಹಿಯೇ ಆಯಿತು.
ಎರಡೇ ಬೆರಳಿಟ್ಟೆ, ಜಾಲರಿ ತನ್ನ ಭಾರಕ್ಕೆ ತಾನೇ ಇಳಿಯಿತು,
ಗಷ್ಟೆಲ್ಲ ಮಾತಿಲ್ಲದೆ ತಳಕ್ಕೆ ಕೂತಿತು.
ಲೋಟದ ಕೆಳಗೆ ಅವಳದೇ ಒಂದು ಕಾರ್ಡು, ಬೆನ್ನು ಮೇಲಾಗಿ.
ನಾಲ್ಕುನೂರು ಚಿಲ್ಲರೆ ಇವೆ ಇನ್ನೂ:
ಹಾಲಿನ ಲೆಕ್ಕ, ಗ್ಯಾಸಿನವನ ನಂಬರು, ಕಾಫಿಯ ಉಂಗುರ.
ಹಾಲಮ್ಮ ತನ್ನ ಲೋಟಕ್ಕೆ ಮುಕ್ಕಾಲು ಹಾಲು ಸುರಿದುಕೊಂಡು
(ಆ ಹೆಸರು ಸುಮ್ಮನೆ ಇಟ್ಟದ್ದಲ್ಲ)
ಒಂದು ಗುಟುಕು ಕುಡಿದು ಕೇಳಿದಳು:
"ಆ ಹುಡುಗೀದು ಇನ್ನೂ ಏನಾರ ಬಾಕಿ ಐತೇನ್ರೀ?"

ಲೆಕ್ಕ ಹಾಕಿದೆ.
ಇದ್ದರೆ ನಮ್ಮ ಕಡೆಯಿಂದಲೇ ಇರಬೇಕು.

ಕೊನೆಯ ಗುಟುಕು ಕುಡಿಯಬಾರದು ಇದರಲ್ಲಿ,
ಗಷ್ಟು ಬಾಯಿಗೆ ಬರುತ್ತದೆ.
ಕುಡಿದೆ.