ಗಂಜಿನ ಬೇವು

ಮೊಣಕಾಲ ಕೆಳಗೆ ಎರಡೆರಡು ಪಟ್ಟಿ,
ಪಾದದ ಒಳಬದಿಗೆ ಒಂದೊಂದು ಉಕ್ಕಿನ ಮುಳ್ಳು.
ಇದನ್ನು ತೊಟ್ಟು ನೆಲದ ಮೇಲೆ ನಡೆದರೆ
ಕಾಲು ಕಟ್ಟಿದ ಹುಂಜ ಕಂಡಂಗೆ ಕಾಣ್ತೀ ಅಂತ
ಉರುಕುಂದಪ್ಪ ನಗುತ್ತಾನೆ.
ನಗಲಿ. ಹಗ್ಗ ಅವನ ಕೈಲಿದೆ.

ರಾಯಚೂರಿನ ಗಂಜ್, ಬೆಳಿಗ್ಗೆ ಏಳು.
ಹತ್ತಿ ಅಂಡಿಗೆಯ ಹಮಾಲರು ಎರಡನೇ ಗೇಟಿನಿಂದ ಹೋಗಲೆಂದು
ಸುತ್ತ ಹಗ್ಗ ಕಟ್ಟಿದ್ದೇವೆ.
ಚಹದ ಖಾಸಿಂಬಿ ಮಾತ್ರ ಕದಲಲಿಲ್ಲ:
'ಮೂವತ್ತು ವರ್ಷ ಇದರ ನೆರಳಿಗೆ ಬಾಡಿಗೆ ಕೊಟ್ಟಿಲ್ಲ,
ಬೀಳೋದನ್ನ ಇಲ್ಲೇ ಕುಂತು ನೋಡ್ತೀನಿ.'
ಉರುಕುಂದಪ್ಪ ಮಾತಾಡದೆ ಅವಳ ಸ್ಟೋವ್ ಎತ್ತಿಕೊಂಡು ಹೋಗಿ
ರಸ್ತೆಯಾಚೆ ಇಟ್ಟ. ಹಿಂದೆಯೇ ಅವಳೂ ಹೋದಳು, ಬೈಯುತ್ತ.

ನಮ್ಮಜ್ಜ ಮಾನ್ವಿ ಕಡೆ ಸೇಂದಿ ಇಳಿಸುತ್ತಿದ್ದ.
ಅವನಿಗೆ ಮುಳ್ಳಿಲ್ಲ. ಒಂದು ಮೋಕು,
ಎಮ್ಮೆ ತೊಗಲು, ನಾರಿನ ಹಗ್ಗ, ಅಂಗಾಲ ಚರ್ಮ.
ಈಚಲಿಗೆ ಕೊಂಬೆಯಿಲ್ಲ;
ನಡುವಿನ ಕುಣಿಕೆ ಬುಡದಿಂದ ತುದಿಗೆ ಬಿಚ್ಚದೆ ಏರುತ್ತದೆ.
ಬೇವು ಹಾಗಲ್ಲ. ಆಳೆತ್ತರಕ್ಕೊಂದು ಕೊಂಬೆ ಅಡ್ಡ.
ಪ್ರತಿ ಕೊಂಬೆಗೂ ಬಿಚ್ಚಬೇಕು, ಮೇಲೆ ಹಾಯಿಸಬೇಕು, ಮತ್ತೆ ಕಟ್ಟಬೇಕು.
ಸಾಯುವವರು ಸಾಯುವುದು ಆ ನಡುವೆ,
ಒಂದು ಸೀನಿನಷ್ಟು ಹೊತ್ತಿನಲ್ಲಿ.

ಅದಕ್ಕೇ ಎರಡು ಕೊಂಡಿ.
ಮೊದಲನೇದಕ್ಕೆ ಬೆರಳು ಹೋಗುವ ಮುಂಚೆಯೇ
ಕೆಳಗಿನಿಂದ ಕೂಗು: 'ಎರಡನೇದು?'
'ಹಾಕೀನಿ.'
'ಕ್ಲಿಕ್ ಕೇಳಲಿಲ್ಲ.'
'ಲಾರಿ ಹೊಂಟಿತ್ತು.'
'ಲಾರಿ ಹೋಗಲಿ. ಬಿಚ್ಚಿ ಇನ್ನೊಮ್ಮೆ ಹಾಕು.'
ಹಾಕುತ್ತೇನೆ. ಸಿಟ್ಟು ಬರುತ್ತದೆ, ಆದರೂ ಹಾಕುತ್ತೇನೆ.
ಅವನ ಎಡಗೈಯಲ್ಲಿ ಮೂರೇ ಬೆರಳು ಆಡುತ್ತವೆ;
ಯಾಕೆಂದು ನಾನು ಕೇಳಿದ್ದು ಒಂದೇ ಸಲ.

ಒಂಬತ್ತು ವರ್ಷದ ಹಿಂದೆಯೂ ಇದೇ ಮರ.
ಆಗ ತಂತಿಗೆ ತಾಗುವ ಎರಡು ಟೊಂಗೆ ಸವರಬೇಕಿತ್ತು, ಅಷ್ಟೆ.
ಹೈದರಾಬಾದಿನ ಗುಜರಿಯಲ್ಲಿ ಕೊಂಡ ಮುಳ್ಳು ನನಗೆ ಹೊಸದು,
ನಾನು ಎಲ್ಲದಕ್ಕೂ ಹೊಸಬ.
ಬದುಕಬೇಕಾದ ಮರಕ್ಕೆ ಮುಳ್ಳು ಊರಬಾರದು,
ಹಗ್ಗ ಎಸೆದು ಹಗ್ಗದಲ್ಲೇ ಏರಬೇಕು ಅಂತ
ಯಾರೂ ಹೇಳಿರಲಿಲ್ಲ,
ಅಥವಾ ಹೇಳಿದ್ದರು.
ಖಟ್, ಖಟ್. ಹತ್ತು ನಿಮಿಷದಲ್ಲಿ ತುದಿ.
ಹಮಾಲರು ಭಾರ ಇಳಿಸಿ ಮೇಲೆ ನೋಡಿದರು.
ನಾನು ಕೈ ಬೀಸಿದೆ.
ಸಂಜೆ ಇಳಿಯುವಾಗ ಒಂದೊಂದು ಹೆಜ್ಜೆಯಿಂದಲೂ
ಕಂದು ಅಂಟು ಸುರಿಯುತ್ತಿತ್ತು.
ಖಾಸಿಂಬಿ ಬೆರಳಿಗೆ ಹಚ್ಚಿ ಮೂಸಿ
'ಮರಕ್ಕ ನೆಗಡಿ ಬಂದದ' ಅಂದಳು.

ಇಲಾಖೆಯ ಕಾಗದದಲ್ಲಿ ಬೇರೆ ಕಾರಣವಿದೆ:
ಶಿಲೀಂಧ್ರ, ಬುಡದವರೆಗೆ ಬಂದ ಡಾಂಬರು.
ಇರಬಹುದು. ಊರಲ್ಲಿ ಒಣಗಿದ ಬೇವು ಇದೊಂದೇ ಅಲ್ಲ.
ಆದರೆ ತೊಗಟೆ ಮುಖದ ಹತ್ತಿರ ಬಂದಾಗ ಕಾಣುತ್ತವೆ,
ಎಡಕ್ಕೊಂದು ಬಲಕ್ಕೊಂದು, ಎಡಕ್ಕೊಂದು ಬಲಕ್ಕೊಂದು,
ತುಟಿ ದಪ್ಪಗಾಗಿ, ಮುಚ್ಚಲು ನೋಡಿ ಮುಚ್ಚಲಾಗದ ತೂತುಗಳು.
ಒಳಗೆ ಇರುವೆ, ಕರಿ ಪುಡಿ.
ನನ್ನ ಹೆಜ್ಜೆಯ ಅಳತೆಯೇ. ಆಗ ತುಸು ಉದ್ದ ಹಾಕುತ್ತಿದ್ದೆ.

ಇವತ್ತು ಮುಳ್ಳಿಗೆ ಅಡ್ಡಿಯಿಲ್ಲ. ಬೀಳುವ ಮರ,
ಎಲ್ಲಿ ಬೇಕಾದರೂ ಊರಬಹುದು.
ಆದರೂ ಕಾಲು ಹಳೆಯ ತೂತನ್ನೇ ಹುಡುಕಿತು.
ಸಿಕ್ಕಿತು. ಊರಿದೆ.
ಪುಡಿ ಜಾರಿ ಮುಳ್ಳು ಕಿತ್ತು ಬಂತು;
ಎದೆ ತೊಗಟೆಗೆ ಉಜ್ಜಿ ಒಂದು ಮೊಳ ಕೆಳಗೆ.
ಕೊಂಡಿ ಹಿಡಿಯಿತು.
'ಏನಾತು?'
'ಕೊಳತದ ಇಲ್ಲಿ.'
'ಗಟ್ಟಿ ಕಡೆ ಊರು. ಎರಡನೇದು?'

ಗೇಣು ಪಕ್ಕಕ್ಕೆ ಸರಿದು ಊರಿದೆ.
ಅಲ್ಲಿ ಮರ ಒಳಗೆ ಇನ್ನೂ ಹಸಿ.

'ಹಾಕೀನಿ' ಅಂದೆ, ಹಾಕಿದೆ.
ಈ ಸಲ ಲಾರಿ ಯಾವುದೂ ಇರಲಿಲ್ಲ;
ಕ್ಲಿಕ್ ಅವನಿಗೂ ಕೇಳಿತು.
ರಸ್ತೆಯಾಚೆ ಖಾಸಿಂಬಿ
ಸ್ಟೋವಿಗೆ ಗಾಳಿ ಹೊಡೆಯತೊಡಗಿದಳು.