ಇಳಿಯುವಾಗ ತಗೊಳ್ಳಿ

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಬನಶಂಕರಿ ನಿಲ್ದಾಣದಲ್ಲಿ
ಮೂರು ಬಣ್ಣದ ಬಸ್ಸುಗಳು ಒಂದೇ ಊರಿನ ಹೆಸರು
ಹಣೆಗೆ ಹಚ್ಚಿಕೊಂಡು ನಿಂತವು.
ಒಂದು ನಮ್ಮದು, ಹಿಂದಿನ ಗಾಜಿಗೆ ಹಗ್ಗ ಬಿಗಿದದ್ದು.
ಇನ್ನೊಂದು ನೇರಳೆ, ಮತ್ತೊಂದು ಮಾವಿನಕಾಯಿ ಹಸಿರು,
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಸುಲಿದಿರಲಿಲ್ಲ.

ನಾನು ಸಂಚಾರ ನಿಯಂತ್ರಕ. ಕಬ್ಬಿಣದ ಕುರ್ಚಿ, ರಿಜಿಸ್ಟರು,
ಕೆಂಪು ರೀಫಿಲ್ಲು ಒಂದು, ನೀಲಿ ಒಂದು.
ಬಸ್ಸು ಹೊರಟ ವೇಳೆ ಬರೆಯುವುದು ಕೆಲಸ.
ಹೊರಡದ ಬಸ್ಸಿನ ವೇಳೆಯನ್ನೂ ಬರೆದಿದ್ದೇನೆ, ಸುಳ್ಳೇಕೆ.

ಸುತ್ತೋಲೆ ಹೇಳಿತ್ತು: ಇನ್ನು ಮುಂದೆ ರಸ್ತೆ ಎಲ್ಲರದು,
ಓಡಿಸುವವರು ಓಡಿಸಲಿ, ಹತ್ತುವವರು ಆರಿಸಿಕೊಳ್ಳಲಿ.
ಡ್ರೈವರ್ ಮಲಕಾಜಪ್ಪ ಎರಡು ಸಲ ಓದಿಸಿಕೊಂಡು ಕೇಳಿದ:
"ರಸ್ತೆ ಎಲ್ಲಾರದೂ ಅಂದ್ರ
ಗುಂಡಿನೂ ಎಲ್ಲಾರದು, ಹೌದಲ್ರೀ?"

ವಾರದೊಳಗೆ ಗೊತ್ತಾಯಿತು ಯಾವ ರಸ್ತೆ ಯಾರದೆಂದು.
ರಿಂಗ್ ರೋಡಿನಲ್ಲಿ ಒಂದರ ಬಾಲಕ್ಕೆ ಇನ್ನೊಂದರ ಮೂತಿ.
ಮಂಗಳೂರಿಂದ ಕರೆಸಿದ ಹುಡುಗ ವಾಮನ ಬಂಗೇರ
ಫುಟ್‌ಬೋರ್ಡಿನಲ್ಲಿ ತೂಗುತ್ತ ವಿಸಿಲ್ ಊದಿದರೆ
ಸಿಲ್ಕ್ ಬೋರ್ಡಿನ ಜಾಮು ಕೂಡ ಒಂದು ಗಳಿಗೆ ಕಿವಿಗೊಡುತ್ತಿತ್ತು.
"ಬನ್ನಿ ಅಕ್ಕ ಬನ್ನಿ, ಸೀಟುಂಟು, ಕೂತ್ಕೊಳ್ಳಿ."
ಈ ಊರಿನ ಬಸ್ಸು ನನ್ನನ್ನು ಬನ್ನಿ ಅಂದದ್ದು ಇದೇ ಮೊದಲು,
ಎಂದಳು ಗಾರ್ಮೆಂಟ್ಸಿನ ಲಿಂಗಾಜಮ್ಮ, ನನ್ನ ಕಡೆ ನೋಡದೆ.
ಚುಚ್ಚಿತು.
ಹದಿನಾಲ್ಕು ವರ್ಷ ಅವಳು ನನ್ನ ಕುರ್ಚಿಯ ಮುಂದೆ ನಿಂತು
"ಯಾವಾಗ ಬರತ್ತೆ ಸಾರ್" ಅಂದಿದ್ದಳು,
ನಾನು "ಬರತ್ತೆ" ಅಂದಿದ್ದೆ.

ರಾತ್ರಿ ಹತ್ತೂ ಇಪ್ಪತ್ತರ ಗುಳಕಮಲೆಯನ್ನು ಮಾತ್ರ
ಯಾರೂ ಕೇಳಲಿಲ್ಲ.
ಟೆಂಡರಿನಲ್ಲಿ ಆ ಸಾಲಿನ ಮುಂದೆ ಬರೀ ಒಂದು ಗೀಟು.
ಇರುವುದೇ ಏಳು ಜನ, ಅದರಲ್ಲಿ ನಾಲ್ಕು ಶೂನ್ಯ ಟಿಕೆಟ್ಟು:
ಆಸ್ಪತ್ರೆಯ ಆಯಾ ವೆರೋನಿಕಾ, ಹೋಟೆಲಿನ ಪಾತ್ರೆ ತೊಳೆವ ಅಕ್ಕತಂಗಿ,
ಮಡಿಲಲ್ಲಿ ಉಳಿದ ಸೊಪ್ಪಿನ ಗಂಟಿಟ್ಟುಕೊಂಡ ಒಬ್ಬ ಮುದುಕಿ.
ಅದನ್ನು ಮಲಕಾಜಪ್ಪನೇ ಓಡಿಸುತ್ತಾನೆ.
ನಷ್ಟವನ್ನು ಕೆಂಪಿನಲ್ಲಿ ನಾನೇ ಬರೆಯುತ್ತೇನೆ.

ಎದೆಯುಬ್ಬಿಸಿ ಹೇಳಬಹುದಿತ್ತು, ನೋಡಿ, ಕೊನೆಗೆ ಉಳಿದವರು ನಾವೇ ಎಂದು.
ಆದರೆ ಹಳೆಯ ರಿಜಿಸ್ಟರಿನಲ್ಲಿ
ಒಂದೇ ತಿಂಗಳಲ್ಲಿ ಒಂಬತ್ತು ರಾತ್ರಿ ಆ ಬಸ್ಸು ರದ್ದು.
ಬ್ರೇಕು. ಆಳಿಲ್ಲ. ಬ್ರೇಕು. ಕಾರಣ ಬರೆದಿಲ್ಲ.
ಆಗ ಪೈಪೋಟಿ ಇರಲಿಲ್ಲ. ನಾವೊಬ್ಬರೇ ಇದ್ದೆವು,
ಬರುವುದಕ್ಕೂ, ಬಾರದಿರುವುದಕ್ಕೂ.

ನಿನ್ನೆ ಪಾಳಿ ಮುಗಿದಾಗ ಉತ್ತರಹಳ್ಳಿಗೆ ನಮ್ಮದು ಹೋಗಿಯಾಗಿತ್ತು.
ಹಸಿರಿನದು ಬಂತು, ಒಳಗೆಲ್ಲ ಬೆಳಕು, ಕಂಡಕ್ಟರಿಲ್ಲ.
ಕೈ ತಾನಾಗಿ ಜೇಬಿನ ಪಾಸಿಗೆ ಹೋಯಿತು, ವಾಪಸು ಬಂತು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಈ ಊರಿನಲ್ಲಿ ಟಿಕೆಟ್ಟು ಕೊಂಡೆ.
ಹದಿನೆಂಟು ರೂಪಾಯಿ. ಇಪ್ಪತ್ತು ನುಂಗಿದ ಯಂತ್ರ
ಉಳಿಕೆ ನಿಮ್ಮ ಆ್ಯಪಿಗೆ ಜಮಾ ಎಂದಿತು.
ನನ್ನದು ಒತ್ತುವ ಫೋನು.

ಅಭ್ಯಾಸಬಲ, ಟಿಕೆಟ್ಟು ಹಿಂದೆ ತಿರುಗಿಸಿ ನೋಡಿದೆ.
ಬೆಳ್ಳಗಿತ್ತು.

ಈ ಕುರ್ಚಿಗೆ ಮುಂಚೆ ನಾನೂ ಕಂಡಕ್ಟರು.
ಎಷ್ಟು ಬೆನ್ನಿನ ಮೇಲೆ ಎರಡು ಬರೆದು ಸುತ್ತು ಹಾಕಿ
"ಇಳಿಯುವಾಗ ತಗೊಳ್ಳಿ" ಅಂದಿಲ್ಲ,
ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡೇ.
ಕದಿರೇನಹಳ್ಳಿಯಲ್ಲಿ ಒಬ್ಬ ಹುಡುಗ, ಬಿಳಿ ಯೂನಿಫಾರಂ,
ಇಳಿದ ಮೇಲೆ ನೆನಪಾಗಿ ಪಕ್ಕದಲ್ಲೇ ಓಡಿಬಂದ,
ಬಸ್ಸಿನ ತಗಡಿಗೆ ಅಂಗೈಯಿಂದ ದಬದಬ ಬಡಿದ.
ಡ್ರೈವರು ಅದನ್ನೇ ರೈಟ್ ಅಂದುಕೊಂಡು ಗೇರು ಹಾಕಿದ.
ನಾನು ಹೋಲ್ಡಾನ್ ಅನ್ನಲಿಲ್ಲ.

ಸ್ಟಾಪು ಬಂತು. ಬಾಗಿಲು ಸದ್ದಿಲ್ಲದೆ ತೆರೆಯಿತು.
ಇಳಿದು, ಹೊಸ ಬಣ್ಣದ ಆ ಪಕ್ಕೆಗೆ
ಅಂಗೈಯಿಂದ ಎರಡು ಸಲ ಬಡಿದೆ.

ಹೊರಟಿತು.